ಗಾಳಿ, ನೀರು, ಬಿಸಿಲು ಮತ್ತು ನಮ್ಮ ಆರೋಗ್ಯ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಆರೋಗ್ಯ ಸರ್ವೆಗೆಂದು ಮನೆ ಮನೆ ತಿರುಗುವ ಕೆಲಸ ನನ್ನದು. ಕೈಯಲ್ಲಿ ಫಾರ್ಮು, ಹೆಗಲಲ್ಲಿ ಚೀಲ. ಕಟ್ಟೆಯ ಮೇಲೆ ಕೂತು ನಾನು ಕೇಳುತ್ತೇನೆ, ಅವರು ಹೇಳುತ್ತಾರೆ. ಎಲ್ಲ ಮುಗಿದು ಚಹಾ ಬಂದ ಮೇಲೆ ಅವರ ಸರದಿ. ಆಗ ಬರುವ ಪ್ರಶ್ನೆಗಳು ನನ್ನ ಫಾರ್ಮಿನ ಪ್ರಶ್ನೆಗಳಿಗಿಂತ ಎಷ್ಟೋ ಸಲ ಚೆನ್ನಾಗಿರುತ್ತವೆ. ಮುಂದಿನ ಮನೆಯ ಅವಸರದಲ್ಲಿ ಅರ್ಧ ಉತ್ತರ ಕೊಟ್ಟು ಎದ್ದು ಬಂದದ್ದೂ ಇದೆ. ಆ ಬಾಕಿ ತೀರಿಸಲು ಇದನ್ನು ಬರೆಯುತ್ತಿದ್ದೇನೆ.

"ಅಕ್ಕೋರೆ, ಎಷ್ಟು ಸಲ ಬರೆದುಕೊಂಡು ಹೋಗ್ತೀರಿ. ಇದರಿಂದ ನಮಗೇನು ಬಂತು?"

ಎಲ್ಲರಿಗಿಂತ ಮೊದಲು ಬರುವ ಪ್ರಶ್ನೆ ಇದು. ಇದಕ್ಕೆ ದೂರದ ಉದಾಹರಣೆ ಬೇಡ, ನಮ್ಮ ಊರಿನದೇ ಇದೆ.

2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಎಂಟು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಶುರುವಾಯಿತು. ಉಳಿದ ಊರಿಗೆ ಕೆಲವು ದಿನಕ್ಕೊಮ್ಮೆ ಕೆಲವು ಗಂಟೆ ಮಾತ್ರ. ಎರಡಕ್ಕೂ ಅದೇ ಮಲಪ್ರಭಾ, ನೀರಸಾಗರದ ನೀರು. ಅದೇ ಊರು, ಅದೇ ಮಂದಿ. ವ್ಯತ್ಯಾಸ ಒಂದೇ: ಪೈಪಿನಲ್ಲಿ ನೀರು ಯಾವಾಗಲೂ ಇರುತ್ತದೋ, ಇಲ್ಲವೋ. ಇಂಥ ಹೋಲಿಕೆ ಸಿಗುವುದು ಸಂಶೋಧಕರಿಗೆ ತುಂಬಾ ಅಪರೂಪ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇಲ್ಲಿಗೆ ಬಂದು ನಳದ ನೀರನ್ನು ಒಂದು ವರ್ಷ ಪರೀಕ್ಷಿಸಿದರು. ಮನುಷ್ಯರ ಮತ್ತು ಪ್ರಾಣಿಗಳ ಮಲದಿಂದ ಬರುವ ಇ. ಕೋಲಿ ಎಂಬ ಸೂಕ್ಷ್ಮಜೀವಿ ಇದೆಯಾ ಅಂತ ನೋಡಿದರು. ಕೆಲವು ದಿನಕ್ಕೊಮ್ಮೆ ಬರುವ ನಳದ ಮಾದರಿಗಳಲ್ಲಿ ಶೇ 31.7ರಷ್ಟರಲ್ಲಿ ಅದು ಸಿಕ್ಕಿತು. ಸದಾ ಬರುವ ನಳದ ಮಾದರಿಗಳಲ್ಲಿ ಶೇ 0.7ರಷ್ಟರಲ್ಲಿ ಮಾತ್ರ. 2013ರಲ್ಲಿ ಇದು ಪ್ರಕಟವಾಯಿತು.

ಹೀಗೇಕೆ? ನೀರು ನಿಂತಾಗ ಪೈಪು ಖಾಲಿಯಾಗುತ್ತದೆ, ಒಳಗಿನ ಒತ್ತಡ ಬೀಳುತ್ತದೆ. ಪೈಪು ಎಲ್ಲಿ ಸೀಳಿದೆಯೋ, ಎಲ್ಲಿ ಜೋಡಣೆ ಸಡಿಲವಾಗಿದೆಯೋ ಅಲ್ಲಿಂದ ಸುತ್ತಲಿನ ಗಟಾರದ ನೀರು ಒಳಗೆ ಇಳಿಯುತ್ತದೆ. ಮುಂದೆ ನಳ ಬಂದಾಗ ಮೊದಲು ಬರುವುದು ಅದೇ. ಎಷ್ಟೋ ತಾಯಂದಿರು ಮೊದಲಿನ ಎರಡು ಕೊಡ ನೀರನ್ನು ಪಾತ್ರೆ ತೊಳೆಯಲು ಎತ್ತಿಡುತ್ತಾರೆ. ಯಾರೂ ಹೇಳಿಕೊಡದೆಯೇ ಅವರು ಮಾಡಿದ ಈ ಕೆಲಸ ಸರಿ ಅಂತ ಸಂಶೋಧನೆಯೂ ಹೇಳಿತು: ಸರಬರಾಜು ಶುರುವಾದ ಮೊದಲ ಹೊತ್ತಿನಲ್ಲಿ ಬರುವ ನೀರಿನಲ್ಲೇ ಕಶ್ಮಲ ಜಾಸ್ತಿ.

ನಿಮ್ಮ ಓಣಿಯವರು ನಗರಸಭೆಗೆ, ಪಾಲಿಕೆಗೆ ಹೋಗಿ "ನೀರು ಕೆಟ್ಟದು" ಅಂದರೆ "ನಮ್ಮಲ್ಲಿ ಟೆಸ್ಟ್ ಮಾಡಿಯೇ ಬಿಡ್ತೀವಿ" ಅನ್ನುವ ಉತ್ತರ ಬರಬಹುದು. ಆ ಮಾತು ನಿಜವೂ ಇರಬಹುದು. ಘಟಕದಲ್ಲಿ ಶುದ್ಧವಾಗಿದ್ದ ನೀರು ದಾರಿಯಲ್ಲಿ ಕೆಟ್ಟಿದೆ ಅಂತ ತೋರಿಸಲು ಈಗ ನಮ್ಮ ಊರಿನದೇ ಅಂಕಿ ಇದೆ. ನೀವು ಬಾಗಿಲು ತೆರೆದು ನೀರು ಕೊಟ್ಟಿದ್ದಕ್ಕೆ ಬಂದದ್ದು ಅದು.

"ಹಾಗಾದರೆ 24 ಗಂಟೆ ನೀರು ಬರುವ ಓಣಿಯಲ್ಲಿ ಭೇದಿ ಪೂರಾ ನಿಂತಿರಬೇಕಲ್ವಾ?"

ನಿಲ್ಲಲಿಲ್ಲ. ಅದೇ ವಿಶ್ವವಿದ್ಯಾಲಯದ ತಂಡ ಐದು ವರ್ಷದೊಳಗಿನ ಮಕ್ಕಳಿರುವ 3,900ಕ್ಕೂ ಹೆಚ್ಚು ಮನೆಗಳಿಗೆ ಮತ್ತೆ ಮತ್ತೆ ಹೋಗಿ ಕಾಯಿಲೆಯ ಲೆಕ್ಕ ಬರೆದುಕೊಂಡಿತು. 2015ರಲ್ಲಿ ಹೊರಬಂದ ಫಲಿತಾಂಶ ಹೀಗಿತ್ತು. ಟೈಫಾಯ್ಡ್ ಬಂದಿತ್ತು ಅಂತ ಹೇಳಿದ ಮನೆಗಳು ಸದಾ ನೀರಿರುವ ವಾರ್ಡುಗಳಲ್ಲಿ ಶೇ 42ರಷ್ಟು ಕಡಿಮೆ. ಬಡ ಮನೆಗಳ ಮಕ್ಕಳಲ್ಲಿ ರಕ್ತ ಭೇದಿಯೂ ಕಡಿಮೆ. ಆದರೆ ಸಾಮಾನ್ಯ ಭೇದಿಯಲ್ಲಿ, ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಭೇದಿಗೆ ದಾರಿಗಳು ಬಹಳ. ತೊಳೆಯದ ಕೈ, ನೊಣ ಕೂತ ತಿನಿಸು, ಅಂಗಳದ ಮಣ್ಣು, ಮಕ್ಕಳ ಮಲ ಎಸೆಯುವ ಜಾಗ. ನೀರಿನ ದಾರಿಯೊಂದನ್ನು ಮುಚ್ಚಿದರೆ ಉಳಿದವು ತೆರೆದೇ ಇರುತ್ತವೆ. ನನಗೆ ಈ ಅಧ್ಯಯನದ ಮೇಲೆ ನಂಬಿಕೆ ಜಾಸ್ತಿಯಾದದ್ದು ಇಲ್ಲೇ. ಇಷ್ಟು ದೊಡ್ಡ ಕೆಲಸ ಮಾಡಿ, ಕೊನೆಗೆ "ಇಷ್ಟರಲ್ಲಿ ಫಲ ಕಂಡಿತು, ಇಷ್ಟರಲ್ಲಿ ಕಾಣಲಿಲ್ಲ" ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದರಲ್ಲ, ಅದಕ್ಕೆ.

"ನಮ್ಮ ಓಣಿಗೆ ಇನ್ನೂ ವಾರಕ್ಕೊಮ್ಮೆಯೇ ನೀರು. ನಾವೇನು ಮಾಡಬೇಕು?"

ನಳ ಬಂದ ಕೂಡಲೇ ಕುಡಿಯುವ ನೀರು ತುಂಬಬೇಡಿ. ಸ್ವಲ್ಪ ಹೊತ್ತು ಬಳಕೆಯ ನೀರು ಹಿಡಿಯಿರಿ, ಆಮೇಲೆ ಕುಡಿಯುವುದಕ್ಕೆ. ಕುಡಿಯುವ ನೀರನ್ನು ಕುದಿಸಿ. ದೊಡ್ಡ ಗುಳ್ಳೆ ಎದ್ದು ಕೊತಕೊತ ಅನ್ನತೊಡಗಿದ ಮೇಲೆ ಒಂದು ನಿಮಿಷ ಸಾಕು. ಗ್ಯಾಸ್ ಉಳಿಸಬೇಕೆಂದರೆ ಕ್ಲೋರಿನ್ ಮಾತ್ರೆ ಇದೆ. ಎಷ್ಟು ಲೀಟರಿಗೆ ಎಷ್ಟು ಮಾತ್ರೆ ಅಂತ ಚೀಟಿಯ ಮೇಲೆ ಬರೆದಿರುತ್ತದೆ, ಅಷ್ಟೇ ಹಾಕಿ, ಅರ್ಧ ಗಂಟೆ ಬಿಡಿ.

ಇದಕ್ಕಿಂತ ಮುಖ್ಯ ಮಾತು ತಂಬಿಗೆಯದು. ಕುದಿಸಿದ ನೀರಿಗೆ ಐದು ಬೆರಳು ಮುಳುಗಿಸಿ ತಂಬಿಗೆ ಅದ್ದಿದರೆ ಕುದಿಸಿದ್ದು ವ್ಯರ್ಥ. ಕೆಳಗೆ ನಲ್ಲಿ ಇರುವ ಸ್ಟೀಲ್ ಡ್ರಮ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಉದ್ದ ಹಿಡಿಕೆಯ ಸವಟು ಸಾಕು.

"ಡೆಂಗಿ ಸೊಳ್ಳೆ ಗಟಾರದಿಂದ ಬರುತ್ತದೆ. ಪಾಲಿಕೆಯವರು ಹೊಗೆ ಹೊಡೆಯಲ್ಲ ಯಾಕೆ?"

ಗಟಾರದಲ್ಲಿ ಹುಟ್ಟುವುದು ಬೇರೆ ಸೊಳ್ಳೆ, ರಾತ್ರಿ ಗುಂಯ್ ಅನ್ನುವುದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ. ಮೈಮೇಲೆ ಬಿಳಿ ಪಟ್ಟೆ ಇರುತ್ತದೆ. ಅದಕ್ಕೆ ತಿಳಿ ನೀರೇ ಬೇಕು. ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ತಿಳಿ ನೀರು ಎಲ್ಲಿದೆ ಹೇಳಿ? ನಮ್ಮ ಬ್ಯಾರಲ್ಲಿನಲ್ಲಿ, ಹಿತ್ತಲಿನ ಹೌದಿನಲ್ಲಿ, ಮಾಳಿಗೆಯ ಮೇಲಿನ ಸಿಂಟೆಕ್ಸಿನಲ್ಲಿ. ಮೊಟ್ಟೆಯಿಂದ ರೆಕ್ಕೆ ಬಲಿತ ಸೊಳ್ಳೆಯಾಗಲು ನಮ್ಮ ಬಿಸಿ ವಾತಾವರಣದಲ್ಲಿ ಏಳರಿಂದ ಹತ್ತು ದಿನ. ನಮ್ಮ ನಳದ ಪಾಳಿಯೂ ಹೆಚ್ಚುಕಡಿಮೆ ಅಷ್ಟೇ. ನೀರಿನ ಕೊರತೆಯೂ ಡೆಂಗಿಯೂ ಒಂದೇ ಮನೆಯಲ್ಲಿ ಇರುವುದಕ್ಕೆ ಕಾರಣ ಇದು.

ಬ್ಯಾರಲ್ ಖಾಲಿ ಮಾಡಿದರೆ ಸಾಲದು. ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ ತುಸು ಮೇಲೆ, ಒಳಗೋಡೆಗೆ ಅಂಟಿಸಿ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತುಂಬಿದ ದಿನ ಒಡೆಯುತ್ತದೆ. ಅದಕ್ಕೇ ನಳ ಬರುವ ಮುಂಚೆ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆಯಬೇಕು. ಬಾಯಿಗೆ ಹಳೆಯ ಸೀರೆ ಬಟ್ಟೆ ಬಿಗಿದು ಕಟ್ಟಿ. ಹೊಗೆ ಹೊಡೆಯುವುದರಿಂದ ಹಾರುವ ಸೊಳ್ಳೆ ಒಂದಿಷ್ಟು ಸಾಯುತ್ತದೆ, ಮೊಟ್ಟೆಗೂ ಮರಿಗೂ ಏನೂ ಆಗುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಹಾಗಾಗಿ ಆಶಾ ಕಾರ್ಯಕರ್ತೆ ಬಂದು ನಿಮ್ಮ ಹೌದಿನೊಳಗೆ ಬ್ಯಾಟರಿ ಬಿಟ್ಟು ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ.

"ಮುಂಡರಗಿ ಕಡೆ ಮಂದಿಯ ಹಲ್ಲು ಕಂದು ಯಾಕೆ? ಎಲೆ ಅಡಿಕೆಯಿಂದಲಾ?"

ಎಲೆ ಅಡಿಕೆ ತಿನ್ನದ ಮಕ್ಕಳಲ್ಲೂ ಇದೆಯಲ್ಲ. ನನ್ನ ತಾಯಿಯ ತವರು ಆ ಸೀಮೆ. ಚಿಕ್ಕವಳಿದ್ದಾಗ ಸೋದರಮಾವನ ಮಕ್ಕಳು ಫೋಟೋ ತೆಗೆಯುವಾಗ ತುಟಿ ಬಿಗಿಹಿಡಿದು ನಿಲ್ಲುತ್ತಿದ್ದರು. ಅವರಿಗೆ ಹಲ್ಲು ತಿಕ್ಕಲು ಬೇಜಾರು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅದು ತಪ್ಪು ಅಂತ ಗೊತ್ತಾದಾಗ ನನಗೆ ಬಹಳ ಸಂಕಟವಾಯಿತು. ತಿಕ್ಕಿದರೂ ಹೋಗದ ಕಲೆ ಅದು, ಹಲ್ಲಿನ ಒಳಗಿನದು.

ಕಾರಣ ಬೋರಿನ ನೀರಿನಲ್ಲಿರುವ ಫ್ಲೋರೈಡ್. ಇದನ್ನು ಯಾವ ಕಾರ್ಖಾನೆಯೂ ಬಿಟ್ಟದ್ದಲ್ಲ. ನಮ್ಮ ನೆಲದ ಕೆಳಗಿನ ಕಲ್ಲಿನಲ್ಲೇ ಅದಿದೆ. ನೀರು ಆ ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತರೆ ಸ್ವಲ್ಪ ಸ್ವಲ್ಪವೇ ಕರಗಿ ಬರುತ್ತದೆ. ಅಜ್ಜನ ಕಾಲದ ತೆರೆದ ಬಾವಿಯಲ್ಲಿ ಮಳೆಯ ನೀರೇ ಜಾಸ್ತಿ ಇರುತ್ತಿತ್ತು. ಈಗ ಬೋರು ನೂರಾರು ಅಡಿ ಇಳಿದಿದೆ. ಮೇಲಕ್ಕೆ ಬರುವುದು ಕಲ್ಲಿನ ಜೊತೆ ಬಹಳ ಕಾಲ ಸಂಸಾರ ಮಾಡಿದ ನೀರು.

ಭಾರತದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಮೇಲೆ ಹೋದರೆ ಮೊದಲು ಮಕ್ಕಳ ಹಲ್ಲಿಗೆ ತಾಗುತ್ತದೆ. ಹಲ್ಲು ವಸಡಿನೊಳಗೆ ತಯಾರಾಗುವ ವಯಸ್ಸು, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಬಹಳ ಮುಖ್ಯ. ದೊಡ್ಡವರಾದ ಮೇಲೆ ಆ ಊರಿಗೆ ಬಂದ ಸೊಸೆಯ ಹಲ್ಲು ಹಾಗಾಗುವುದಿಲ್ಲ, ಅಲ್ಲೇ ಬೆಳೆದ ಮಗುವಿನದು ಆಗುತ್ತದೆ. ಇದಕ್ಕಿಂತ ಜಾಸ್ತಿ ಫ್ಲೋರೈಡ್ ಇರುವ ನೀರನ್ನು ಹತ್ತಾರು ವರ್ಷ ಕುಡಿದರೆ ಮೂಳೆಗೂ ಬರುತ್ತದೆ. ಕತ್ತು, ಸೊಂಟ, ಮೊಣಕಾಲು ಬಿಗಿಯುತ್ತವೆ. "ವಯಸ್ಸಾಯ್ತು, ವಾತ" ಅಂತ ಸುಮ್ನೆ ಕೂರುವ ಎಷ್ಟೋ ಜನರಲ್ಲಿ ನೀರಿನ ಪಾಲೂ ಇರಬಹುದು.

ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅದರ ತಡೆಗೆ ಅಂತಲೇ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2008-09ರಲ್ಲಿ. ನಡುವೆ 70 ವರ್ಷ. ಎಷ್ಟು ಮಕ್ಕಳು ತುಟಿ ಬಿಗಿಹಿಡಿದು ನಿಂತಿರಬೇಕು.

"ಕುದಿಸಿದರೆ ಫ್ಲೋರೈಡ್ ಹೋಗುತ್ತದಾ?"

ಇಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಉಳಿಯುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಮಳೆ ನೀರಿನಲ್ಲಿ ಮಾತ್ರ ಅದು ಇಲ್ಲದಷ್ಟು ಕಡಿಮೆ. ಮೊದಲ ಮಳೆಗೆ ಮಾಳಿಗೆ ತೊಳೆದುಹೋಗಲಿ, ಮುಂದಿನ ಮಳೆಯ ನೀರನ್ನು ಹಿಡಿದಿಟ್ಟು ಕುಡಿಯುವುದಕ್ಕೂ ಅಡಿಗೆಗೂ ಬಳಸಿ. ಹೊಳೆ ನೀರಿನ ಪೈಪು ಊರಿಗೆ ಬಂದಿದ್ದರೆ ಕುಡಿಯಲು ಅದನ್ನೇ ಹಿಡಿಯಿರಿ, "ಬೋರಿನ ನೀರೇ ರುಚಿ" ಅನ್ನಬೇಡಿ. ಮಕ್ಕಳಿಗೆ ಹಾಲು, ಮಜ್ಜಿಗೆ, ರಾಗಿ, ನೆಲ್ಲಿಕಾಯಿ, ಪೇರಲ ಕೊಡಿ. ಸುಣ್ಣದಂಶ ಮತ್ತು ಸಿ ವಿಟಮಿನ್ ಫ್ಲೋರೈಡಿನ ಹಾವಳಿಯನ್ನು ತಗ್ಗಿಸುತ್ತವೆ.

"ಐದು ರೂಪಾಯಿ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ತರುತ್ತೇವೆ. ಸಾಕಲ್ವಾ?"

ಘಟಕ ಸರಿ ಇದ್ದರೆ ಸಾಕು. ಆರ್‌ಓ ಯಂತ್ರ ಫ್ಲೋರೈಡನ್ನು ತೆಗೆಯುತ್ತದೆ. ಆದರೆ ಅದರೊಳಗಿನ ಪೊರೆ ಕಾಲಕಾಲಕ್ಕೆ ಬದಲಾಯಿಸಬೇಕು. ಹಳೆಯದಾದರೆ ನೀರು ಬರುತ್ತಲೇ ಇರುತ್ತದೆ, ಶುದ್ಧ ಆಗುವುದಿಲ್ಲ. ಕಣ್ಣಿಗೆ ಎರಡೂ ಒಂದೇ.

ಕೆಲವರು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ "ನೋಡಿ, 80 ಬಂತು, ಫಸ್ಟ್ ಕ್ಲಾಸ್" ಅನ್ನುತ್ತಾರೆ. ಅದು ಅಳೆಯುವುದು ಕರಗಿದ ಲವಣಗಳ ಒಟ್ಟು ಮೊತ್ತವನ್ನು. ಆ ಮೊತ್ತದಲ್ಲಿ ಫ್ಲೋರೈಡ್ ಎಷ್ಟು ಅಂತ ಅದಕ್ಕೆ ಗೊತ್ತಾಗದು. ಕಾಯಿಲೆ ತರುವ ಸೂಕ್ಷ್ಮಜೀವಿಯಂತೂ ಅದಕ್ಕೆ ಕಾಣುವುದೇ ಇಲ್ಲ.

"ಹುಬ್ಬಳ್ಳಿ-ಧಾರವಾಡದ ಗಾಳಿ ನಿಜವಾಗಿ ಕೆಟ್ಟಿದೆಯಾ? ದೆಹಲಿ ಹಾಗೇನಿಲ್ಲವಲ್ಲ."

ದೆಹಲಿಯ ಹಾಗಿಲ್ಲ, ನಿಜ. ಆದರೆ 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿದಾಗ, ಗಾಳಿಯ ಮಾನದಂಡ ಮೀರಿದ ಊರುಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರು ಇದ್ದವು: ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ನಮ್ಮ ಹುಬ್ಬಳ್ಳಿ-ಧಾರವಾಡ.

ಧೂಳಿನಲ್ಲಿ ಎರಡು ಅಳತೆ. ಪಿಎಂ 10 ಅಂದರೆ 10 ಮೈಕ್ರಾನಿಗಿಂತ ಸಣ್ಣ ಕಣ, ರಸ್ತೆಯ ಧೂಳು ಹೆಚ್ಚಾಗಿ ಈ ಜಾತಿಯದು. ಮೂಗು, ಗಂಟಲು, ದೊಡ್ಡ ಶ್ವಾಸನಾಳದವರೆಗೆ ಹೋಗುತ್ತದೆ. ಪಿಎಂ 2.5 ಅಂದರೆ ನಮ್ಮ ಕೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲು. ಡೀಸೆಲ್ ಹೊಗೆ, ಕಸ ಸುಟ್ಟ ಹೊಗೆ, ಒಲೆಯ ಹೊಗೆಯಲ್ಲಿ ಇದು ತುಂಬಿರುತ್ತದೆ. ಪುಪ್ಪುಸದ ತುತ್ತತುದಿಯ ಗಾಳಿಚೀಲದವರೆಗೆ ಇಳಿಯುತ್ತದೆ, ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ.

ವರ್ಷದ ಸರಾಸರಿ ಪಿಎಂ 2.5 ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5. ಎಂಟು ಪಟ್ಟು ಅಂತರ! ಹಾಗಾಗಿ "ಮಿತಿಯೊಳಗಿದೆ" ಅಂತ ಯಾರಾದರೂ ಹೇಳಿದರೆ ಯಾರ ಮಿತಿ ಅಂತ ಕೇಳಿ.

ನಮ್ಮಲ್ಲಿ ಇನ್ನೊಂದು ಮಾತಿದೆ. ಹುಬ್ಬಳ್ಳಿಯಿಂದ ನವಲಗುಂದ, ಗದಗದ ಕಡೆ ಎರೆಭೂಮಿ. ಒಣಗಿದ ಎರೆಮಣ್ಣು ಹಿಟ್ಟಿನ ಹಾಗೆ ನುಣ್ಣಗಾಗುತ್ತದೆ. ರಸ್ತೆ ಅಗೆದು ಮಣ್ಣು ಬದಿಗೆ ಹಾಕಿ ಹೋದರೆ ಮಾರ್ಚ್ ತಿಂಗಳಿನಲ್ಲಿ ಪ್ರತಿ ಲಾರಿಯೂ ಅದನ್ನು ಎಬ್ಬಿಸುತ್ತದೆ. ಅಗೆದ ಮಣ್ಣಿಗೆ ನೀರು ಹೊಡೆಯುವುದು, ಮುಚ್ಚಿ ಸಾಗಿಸುವುದು, ಬದಿಗೆ ಹುಲ್ಲೋ ಕಲ್ಲೋ ಹಾಸುವುದು, ಇವು ಆಗುವಂಥ ಕೆಲಸಗಳು. ಗುತ್ತಿಗೆ ಕಾಗದದಲ್ಲಿ ಇವನ್ನು ಬರೆದಿದ್ದಾರೆಯೇ ಅಂತ ವಾರ್ಡ್ ಸಭೆಯಲ್ಲಿ ಕೇಳಿ.

"ಮೊಬೈಲಿನಲ್ಲಿ ಎಕ್ಯೂಐ 95 ಅಂತ ಬರುತ್ತದೆ. ನೂರಕ್ಕೆ 95, ಒಳ್ಳೆಯದಲ್ವಾ?"

ಎಕ್ಯೂಐ ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ಅಂಕಿ. ಇದು ಪರೀಕ್ಷೆಯ ಅಂಕ ಇದ್ದಂತಲ್ಲ, ಇಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು. 50ರವರೆಗೆ ಚೆನ್ನಾಗಿದೆ, 100ರವರೆಗೆ ಪರವಾಗಿಲ್ಲ, 101ರಿಂದ 200 ಮಧ್ಯಮ, 300ರವರೆಗೆ ಕೆಟ್ಟದ್ದು, 400ರವರೆಗೆ ತೀರಾ ಕೆಟ್ಟದ್ದು, ಅದರ ಮೇಲೆ ಅಪಾಯ. ಅಳೆದ ವಸ್ತುಗಳಲ್ಲಿ ಯಾವುದು ಎಲ್ಲಕ್ಕಿಂತ ಕೆಟ್ಟಿದೆಯೋ ಅದರ ಅಂಕಿಯೇ ಆ ದಿನದ ಅಂಕಿ. ಗಾಳಿ ಅಳೆಯುವ ಯಂತ್ರ ನಿಮ್ಮ ಓಣಿಯಿಂದ ದೂರ ಇರಬಹುದು ಅನ್ನುವುದನ್ನೂ ನೆನಪಿಡಿ.

"ನಮ್ಮ ಅಜ್ಜ ಹೊಗೆಯಲ್ಲೇ, ಧೂಳಿನಲ್ಲೇ ಬದುಕಿ 90 ದಾಟಿದ. ಇದೆಲ್ಲ ಹೆದರಿಸುವ ಮಾತು."

ಅಜ್ಜನಿಗೆ ನಮಸ್ಕಾರ. ಆದರೆ ಅಜ್ಜನ ಜೊತೆ ಹುಟ್ಟಿದವರು ಎಷ್ಟು ಮಂದಿ, ಎಷ್ಟು ಮಂದಿ ಉಳಿದರು ಅಂತ ಅವರನ್ನೇ ಕೇಳಿ. ಹೋದವರು ಕಟ್ಟೆಗೆ ಬಂದು ತಮ್ಮ ಕಥೆ ಹೇಳುವುದಿಲ್ಲ. ಅದಕ್ಕೇ ಒಬ್ಬರನ್ನು ನೋಡದೆ ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ನೋಡಬೇಕು.

ಹಾರ್ವರ್ಡಿನ ಸಂಶೋಧಕರು ಅಮೆರಿಕದ ಆರು ಊರುಗಳಲ್ಲಿ ಹಾಗೆ ಮಾಡಿದರು. 8,000ಕ್ಕೂ ಹೆಚ್ಚು ವಯಸ್ಕರನ್ನು 14ರಿಂದ 16 ವರ್ಷ ಹಿಂಬಾಲಿಸಿದರು. ಬೀಡಿ ಸಿಗರೇಟು, ತೂಕ, ಉದ್ಯೋಗ, ಓದು ಎಲ್ಲದರ ಲೆಕ್ಕ ತೆಗೆದು ಪಕ್ಕಕ್ಕಿಟ್ಟ ಮೇಲೂ, ಎಲ್ಲಕ್ಕಿಂತ ಕೊಳಕು ಗಾಳಿಯ ಊರಿನಲ್ಲಿ ಸಾವಿನ ಪ್ರಮಾಣ ಎಲ್ಲಕ್ಕಿಂತ ಶುದ್ಧ ಊರಿಗಿಂತ ಶೇ 26ರಷ್ಟು ಜಾಸ್ತಿ ಕಂಡಿತು. 1993ರಲ್ಲಿ ಇದು ಬಂದಾಗ ಹೊಗೆ ಬಿಡುವ ಕಂಪನಿಗಳು ದೊಡ್ಡ ಗಲಾಟೆ ಮಾಡಿದವು. ಬೇರೆಯವರು ಅದೇ ದಾಖಲೆಗಳನ್ನು ಹಿಡಿದು ಮತ್ತೆ ಲೆಕ್ಕ ಹಾಕಿದರು. ಉತ್ತರ ಬದಲಾಗಲಿಲ್ಲ. ಹೊರಗಿನ ಗಾಳಿಯ ಮಾಲಿನ್ಯ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲಿ ಖಚಿತಪಡಿಸಿತು. ಭಾರತದಲ್ಲಿ 2019ರಲ್ಲಿ ಸುಮಾರು 16.7 ಲಕ್ಷ ಸಾವುಗಳಿಗೆ ಮನೆಯೊಳಗಿನ ಮತ್ತು ಹೊರಗಿನ ಕೆಟ್ಟ ಗಾಳಿ ಕಾರಣ ಅಂತ ನಮ್ಮ ಸಂಶೋಧಕರೇ ಅಂದಾಜು ಮಾಡಿದ್ದಾರೆ. ಅಂದಾಜು ಅಂದದ್ದು ಯಾಕೆ ಅಂದರೆ, ಯಾರ ಮರಣಪತ್ರದ ಮೇಲೂ "ಗಾಳಿ" ಅಂತ ಬರೆದಿರುವುದಿಲ್ಲ. ಹೃದಯಾಘಾತ, ಲಕ್ವ, ಉಬ್ಬಸ ಅಂತ ಬರೆದಿರುತ್ತದೆ.

"ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಸಾಕಾ?"

ದಪ್ಪ ಧೂಳಿಗೆ ತಕ್ಕಮಟ್ಟಿಗೆ. ಸಣ್ಣ ಕಣಕ್ಕೆ ಸಾಲದು. ಅದಕ್ಕೆ ಎನ್95 ಬೇಕು, ಅದೂ ಕೆನ್ನೆಯ ಬದಿಯಲ್ಲಿ ಸಂದಿ ಇಲ್ಲದಂತೆ ಕೂರಬೇಕು.

"ಒಲೆಯ ರೊಟ್ಟಿಯೇ ರುಚಿ. ಹೊಗೆ ಅಂತ ಒಲೆ ಬಿಡೋಕಾಗುತ್ತಾ?"

ನಾನೂ ಕಟ್ಟಿಗೆ ಒಲೆಯ ರೊಟ್ಟಿ ತಿಂದೇ ಬೆಳೆದವಳು. ಕಿಟಕಿ ಇಲ್ಲದ ಅಡಿಗೆಮನೆಯಲ್ಲಿ ದಿನಕ್ಕೆ ಮೂರು ತಾಸು ಕೂತ ಅವ್ವನ ಕೆಮ್ಮೂ ನೆನಪಿದೆ. ಹೊಗೆ ಹೆಂಗಸರಿಗೆ ದೀರ್ಘಕಾಲದ ಉಬ್ಬಸ ತರುತ್ತದೆ, ಮಕ್ಕಳಿಗೆ ನ್ಯುಮೋನಿಯಾ ಹತ್ತಿರ ಮಾಡುತ್ತದೆ. ಈ ಎರಡೂ ಚೆನ್ನಾಗಿ ಸಾಬೀತಾದ ಸಂಗತಿ. ಹಾಗಂತ ಗ್ಯಾಸ್ ಕೊಟ್ಟ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತಲೂ ಹೇಳಲಾರೆ. ತಮಿಳುನಾಡಿನ ಹಳ್ಳಿಗಳೂ ಸೇರಿ ನಾಲ್ಕು ದೇಶಗಳಲ್ಲಿ ಸುಮಾರು 3,200 ಗರ್ಭಿಣಿಯರ ಜೊತೆ ಒಂದು ದೊಡ್ಡ ಪ್ರಯೋಗ ನಡೆಯಿತು. ಅರ್ಧ ಮಂದಿಗೆ ಗ್ಯಾಸ್ ಒಲೆ, ಪುಕ್ಕಟೆ ಸಿಲಿಂಡರ್. ಅವರು ಉಸಿರಾಡಿದ ಹೊಗೆ ಬಹಳ ಇಳಿಯಿತು, ಆದರೆ ಹುಟ್ಟಿದ ಮಗುವಿನ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಲೆ ಬಿಡಲಾಗದಿದ್ದರೆ ರೊಟ್ಟಿಯೊಂದನ್ನು ಹೊರಗಿನ ಒಲೆಯಲ್ಲಿ ಬಡಿಯಿರಿ, ಉಳಿದ ಅಡಿಗೆ ಗ್ಯಾಸಿನ ಮೇಲಾಗಲಿ. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಮಾತ್ರ ಬೇಡವೇ ಬೇಡ.

"ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಕೆಲಸ. ಮೆಣಸಿನಕಾಯಿ ಘಾಟಿನಿಂದ ಪುಪ್ಪುಸ ಕೆಡುತ್ತದಾ?"

ಘಾಟು ಮತ್ತು ಧೂಳು ಬೇರೆ ಬೇರೆ. ಘಾಟಿಗೆ ಕಾರಣ ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು. ಬಿಸಿ ತಾಗಿದಾಗ ಎಚ್ಚರಿಸುವ ನರತುದಿಗಳಿವೆಯಲ್ಲ, ಅವುಗಳನ್ನೇ ಇದು ಕೆಣಕುತ್ತದೆ. ಅದಕ್ಕೇ ಖಾರ ತಿಂದರೆ "ಸುಟ್ಟಿತು" ಅನ್ನುತ್ತೇವೆ. ಈ ನರತುದಿಯ ಗುಟ್ಟನ್ನು ಮೆಣಸಿನಕಾಯಿಯ ಸಹಾಯದಿಂದಲೇ ಕಂಡುಹಿಡಿದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾಲು ಬಂತು. ಕೆಮ್ಮು ಬಂದ ಮಾತ್ರಕ್ಕೆ ಪುಪ್ಪುಸ ಕೆಟ್ಟಿತು ಅಂತಲ್ಲ. ಆದರೆ ಚೀಲ ಸುರಿಯುವಾಗ ಏಳುವ ಧೂಳಿನಲ್ಲಿ ಮಣ್ಣು, ಬೂಷ್ಟು, ಸಿಪ್ಪೆಯ ಪುಡಿ ಎಲ್ಲ ಇರುತ್ತವೆ. ವರ್ಷಾನುಗಟ್ಟಲೆ ಅದನ್ನು ಎಳೆದುಕೊಳ್ಳುವುದು ಒಳ್ಳೆಯದಲ್ಲ, ಉಬ್ಬಸ ಇದ್ದವರಿಗಂತೂ ಕಷ್ಟ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಗಾಳಿಗೆ ಬೆನ್ನು ಮಾಡಿ ಕೂರಲಿ. ಕೆಮ್ಮು ಎರಡು ವಾರ ಬಿಡದಿದ್ದರೆ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ.

ಹೊಲದಲ್ಲಿ ಔಷಧಿ ಹೊಡೆಯುವವರಿಗೆ ಇನ್ನೊಂದು ಮಾತು. ಡಬ್ಬಿಯ ಮೇಲಿನ ಗುರುತಿನ ಬಣ್ಣ ನೋಡಿ. ಕೆಂಪು ಎಲ್ಲಕ್ಕಿಂತ ಅಪಾಯದ್ದು, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೂ ವಿಷವೇ.

"ಒಂದು ವರ್ಷ ನೆರೆ, ಒಂದು ವರ್ಷ ಬರ. ಇದು ಹವಾಮಾನ ಬದಲಾವಣೆಯಾ, ಸುಮ್ನೆ ನಮ್ಮ ಹಣೆಬರಹವಾ?"

2019ರ ಆಗಸ್ಟ್ ನೆನಪಿದೆ. ಮಲಪ್ರಭೆ ಉಕ್ಕಿ ನರಗುಂದ, ರೋಣದ ಹೊಳೆಸಾಲಿನ ಊರುಗಳಿಗೆ ನುಗ್ಗಿತು. ಬೆಣ್ಣೆಹಳ್ಳ ತುಂಬಿತು. ಹಾವೇರಿಯಲ್ಲಿ ವರದೆ ಹೊಲ ಮುಳುಗಿಸಿದಳು. ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು.

ಒಂದು ನೆರೆಯನ್ನು ತೋರಿಸಿ "ಇದು ಅದರಿಂದಲೇ" ಅಂತ ಹೇಳಲು ಪ್ರತ್ಯೇಕ ಲೆಕ್ಕ ಬೇಕು. ನಮ್ಮ ಸೀಮೆ ಮೊದಲಿಂದಲೂ ಬರ ಕಂಡದ್ದೇ. ಬದಲಾಗುತ್ತಿರುವುದು ಅದರ ಹದ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಿಡಿದದ್ದು ಸುರಿದಾಗ ಒಮ್ಮೆಗೇ ಸುರಿಯುತ್ತದೆ. ಅದೇ ಬಿಸಿ ಗಾಳಿ ಮಳೆ ಇಲ್ಲದಾಗ ನೆಲದ ಹಸಿಯನ್ನು ಬೇಗ ಹೀರುತ್ತದೆ. ನೆರೆ, ಬರ ಎರಡಕ್ಕೂ ಒಂದೇ ಬೇರು ಇರಬಹುದು ಅನ್ನುವುದು ಹೀಗೆ. ಕೈಗಾರಿಕೆ ಶುರುವಾಗುವ ಮುಂಚಿನ ಕಾಲಕ್ಕೆ ಹೋಲಿಸಿದರೆ ಭೂಮಿಯ ಸರಾಸರಿ ಬಿಸಿ 1.5 ಡಿಗ್ರಿಗಿಂತ ಮೇಲೆ ಹೋದ ಮೊದಲ ವರ್ಷ 2024.

ಆರೋಗ್ಯಕ್ಕೂ ಇದಕ್ಕೂ ಏನು ಸಂಬಂಧ ಅಂದರೆ, ಮೇಲೆ ಹೇಳಿದ್ದೆಲ್ಲವೂ. ಬರ ಬಂದರೆ ಬೋರು ಇನ್ನೂ ಆಳಕ್ಕೆ, ಫ್ಲೋರೈಡ್ ಜಾಸ್ತಿಯಾಗುವ ಭಯ. ನಳದ ಪಾಳಿ ಇನ್ನೂ ದೂರ, ಬ್ಯಾರಲ್ ಇನ್ನೂ ಹೆಚ್ಚು, ಸೊಳ್ಳೆ ಹೆಚ್ಚು. ನೆರೆ ಬಂದರೆ ಗಟಾರ, ಬಾವಿ ಒಂದಾಗುತ್ತವೆ.

"ಬಿಸಿಲು ನಮಗೆ ಹೊಸದಾ? 40 ಡಿಗ್ರಿಗೆಲ್ಲ ಯಾಕೆ ಹೆದರಬೇಕು?"

ಮಣ್ಣಿನ ಗಡಿಗೆಯ ನೀರು ತಂಪಾಗುವುದು ಹೇಗೆ? ಮೈಯಿಂದ ಜಿನುಗಿದ ನೀರು ಆರುವಾಗ ಒಳಗಿನ ಬಿಸಿಯನ್ನೂ ಒಯ್ಯುತ್ತದೆ. ನಮ್ಮ ಮೈಯೂ ಅದೇ ಗಡಿಗೆ, ಬೆವರು ಆರಬೇಕು. ಮಳೆಗಾಲದ ಮುಂಚಿನ ಧಗೆಯಲ್ಲಿ ಗಡಿಗೆ ತಂಪಾಗುವುದಿಲ್ಲ, ಯಾಕೆಂದರೆ ಗಾಳಿಯಲ್ಲಿ ಆಗಲೇ ತೇವ ತುಂಬಿದೆ. ಆ ದಿನ 36 ಡಿಗ್ರಿಯೂ ಒಣ 40ಕ್ಕಿಂತ ಕಷ್ಟ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಬಿಸಿ 35 ದಾಟಿದರೆ ಮನುಷ್ಯ ತಾಳಲಾರ ಅಂತ ಮೊದಲು ಲೆಕ್ಕ ಹಾಕಿದ್ದರು. 2022ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತ ಯುವಕ ಯುವತಿಯರನ್ನೇ ಕೋಣೆಯಲ್ಲಿಟ್ಟು ಪರೀಕ್ಷಿಸಿದಾಗ, ತೇವದ ಗಾಳಿಯಲ್ಲಿ 31ರ ಆಸುಪಾಸಿಗೇ ಮೈಯ ಬಿಸಿ ಏರತೊಡಗಿತು. ವಯಸ್ಸಾದವರಿಗೆ, ಹೊಲದಲ್ಲಿ ಬಗ್ಗಿ ದುಡಿಯುವವರಿಗೆ ಇನ್ನೂ ಕೆಳಗೇ ತೊಂದರೆ.

ಬಿಸಿಲಲ್ಲಿದ್ದವರು ಅಸಂಬದ್ಧ ಮಾತಾಡಿದರೆ, ಎಚ್ಚರ ತಪ್ಪಿದರೆ ತಡಮಾಡಬೇಡಿ. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ನೆರಳಲ್ಲಿ ಮಲಗಿಸಿ ಮೈ ತುಂಬ ನೀರು ಸುರಿದು ಗಾಳಿ ಹಾಕಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಬರೀ ಸುಸ್ತಾದವರಿಗೆ ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಈ ಉಪ್ಪು ಸಕ್ಕರೆಯ ನೀರಿನ ಹಿಂದೆಯೂ ಸಂಶೋಧನೆಯಿದೆ. 1971ರಲ್ಲಿ ಬಂಗಾಳದ ಗಡಿಯ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಸಲೈನ್ ಮುಗಿದಾಗ, ಡಾಕ್ಟರ್ ದಿಲೀಪ್ ಮಹಾಲನಬಿಸ್ ಇದನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಶೇ 30ರ ಹತ್ತಿರ ಇದ್ದ ಸಾವು ಶೇ 4ಕ್ಕಿಂತ ಕೆಳಗೆ ಬಂತು.

"ನಮ್ಮ ಓಣಿಯಲ್ಲಿ ನಾಲ್ಕು ಮಂದಿಗೆ ಕ್ಯಾನ್ಸರ್. ಪಕ್ಕದ ಫ್ಯಾಕ್ಟರಿಯಿಂದಲೇ ಅಲ್ವಾ?"

ಇರಬಹುದು, ಇಲ್ಲದಿರಬಹುದು. ಅಂಗಳಕ್ಕೆ ಒಂದು ಹಿಡಿ ಜೋಳ ಎರಚಿ ನೋಡಿ. ಎಲ್ಲ ಕಡೆ ಸಮವಾಗಿ ಬೀಳುವುದಿಲ್ಲ. ಯಾರೂ ಒತ್ತಿ ಇಡದೆಯೇ ಎಲ್ಲೋ ಒಂದು ಕಡೆ ಹತ್ತು ಕಾಳು ಗುಂಪಾಗಿರುತ್ತವೆ. ಭಾರತದಲ್ಲಿ ಒಂಬತ್ತರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆ ಕ್ಯಾನ್ಸರ್ ಬರುವ ಸಂಭವ ಇದೆ ಅಂತ ಅಂದಾಜು. ದೊಡ್ಡ ಓಣಿಯಲ್ಲಿ ನಾಲ್ಕು ಅಂದರೆ ಅಪರೂಪವೇನಲ್ಲ.

ಆದರೆ ನಾಲ್ಕೂ ಒಂದೇ ಜಾತಿಯ ಕ್ಯಾನ್ಸರ್ ಆಗಿದ್ದರೆ, ಅಥವಾ ಎಳೆ ವಯಸ್ಸಿನವರಿಗೆ ಬಂದಿದ್ದರೆ ಸುಮ್ಮನಿರಬೇಡಿ. ಯಾವ ಅಂಗದ್ದು, ಯಾವ ವರ್ಷ, ಎಷ್ಟು ವಯಸ್ಸು, ಆ ಮನೆಯಲ್ಲಿ ಎಷ್ಟು ವರ್ಷದಿಂದ ಇದ್ದರು, ಗುಟ್ಕಾ ತಂಬಾಕು ಇತ್ತಾ, ಎಲ್ಲ ಬರೆದು ಜಿಲ್ಲಾ ಆರೋಗ್ಯ ಅಧಿಕಾರಿಗೆ ಕೊಡಿ. ಫ್ಯಾಕ್ಟರಿಯ ವಾಸನೆ, ನೀರಿನ ಬಣ್ಣದ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬೇರೆ ಅರ್ಜಿ ಕೊಡಿ. ಆ ದೂರಿಗೆ ಕ್ಯಾನ್ಸರ್ ಸಾಬೀತಾಗುವವರೆಗೆ ಕಾಯಬೇಕಿಲ್ಲ.

"'ಸಂಶೋಧನೆಯಿಂದ ಸಾಬೀತು' ಅಂತ ವಾಟ್ಸಾಪಿನಲ್ಲಿ ಬರುತ್ತದೆ. ನಂಬಬೇಕಾ?"

ಮೂರು ಮಾತು ಕೇಳಿಕೊಳ್ಳಿ. ಯಾರ ಮೇಲೆ ನೋಡಿದರು, ಇಲಿಯ ಮೇಲೋ ಮನುಷ್ಯರ ಮೇಲೋ? ಎಷ್ಟು ಮಂದಿ? ಯಾರಿಗೆ ಹೋಲಿಸಿದರು? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. ಕಷಾಯ ಕುಡಿದ ನೂರು ಮಂದಿಯ ನೆಗಡಿ ವಾರದಲ್ಲಿ ಹೋಯಿತು ಅಂದರೆ, ಕುಡಿಯದ ನೂರು ಮಂದಿಯದೂ ವಾರದಲ್ಲೇ ಹೋಗಿರುತ್ತದೆ.

"ರಕ್ತ ಕೇಳುತ್ತೀರಿ, ಸಹಿ ಕೇಳುತ್ತೀರಿ. ಒಲ್ಲೆ ಅಂದರೆ ರೇಷನ್ ನಿಲ್ಲುತ್ತದಾ?"

ನಿಲ್ಲುವುದಿಲ್ಲ. ಹಾಗೆ ಯಾರಾದರೂ ಹೆದರಿಸಿದರೆ ಅವರನ್ನು ಹೊಸ್ತಿಲು ದಾಟಿಸಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೀತಿ ಸೂತ್ರಗಳ ಪ್ರಕಾರ, ಏನು, ಯಾಕೆ, ಏನು ಅಪಾಯ ಅಂತ ನಿಮ್ಮ ಭಾಷೆಯಲ್ಲಿ ಹೇಳಿದ ಮೇಲೆಯೇ ಒಪ್ಪಿಗೆ ಕೇಳಬೇಕು. ಓದು ಬಾರದವರಿಗೆ ಓದಿ ಹೇಳಬೇಕು, ಸಾಕ್ಷಿ ಇರಬೇಕು. ಒಪ್ಪಿದ ಮೇಲೂ ನಡುವೆ ಬಿಡಬಹುದು, ಕಾರಣ ಹೇಳಬೇಕಿಲ್ಲ. ಒಪ್ಪಿಗೆ ಪತ್ರದ ಒಂದು ಪ್ರತಿ ಇಸಕೊಳ್ಳಿ. ನಿಮ್ಮ ರಕ್ತದಲ್ಲಿ ಏನು ಕಂಡಿತು ಅಂತ ಬಂದು ಹೇಳಿ ಎಂದು ಅದೇ ದಿನ ಕೇಳಿಡಿ. ನಾನು ಕೆಲಸ ಮಾಡಿದ ಒಂದು ಸರ್ವೆಯಲ್ಲಿ ವರದಿ ಮನೆಗಳಿಗೆ ತಲುಪಲೇ ಇಲ್ಲ. ಆ ಓಣಿಯಲ್ಲಿ ಹಾಯುವಾಗ ನನಗೆ ಇವತ್ತಿಗೂ ತಲೆ ಎತ್ತಲಾಗುವುದಿಲ್ಲ.

"ನಮ್ಮ ನೀರನ್ನು ನಾವೇ ಪರೀಕ್ಷೆ ಮಾಡಿಸಬೇಕು. ಎಲ್ಲಿ, ಹೇಗೆ?"

ಹಳ್ಳಿಯಲ್ಲಾದರೆ ಮೊದಲು ಪಂಚಾಯಿತಿಯಲ್ಲಿ ವಿಚಾರಿಸಿ. ಜಲ ಜೀವನ ಮಿಷನ್‌ನಲ್ಲಿ ಊರಿಗೆ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸುವ ಯೋಜನೆ ಇದೆ, ಕಿಟ್ ಅವರ ಬಳಿ ಇರಬೇಕು. ಕಿಟ್ಟಿನಲ್ಲಿ ಸಂಶಯ ಬಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ. ಸಾರ್ವಜನಿಕರ ಮಾದರಿಯನ್ನೂ ಅಲ್ಲಿ ಕಡಿಮೆ ಶುಲ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸೂಕ್ಷ್ಮಜೀವಿ ಇದೆಯಾ ಅಂತ ಮನೆಯಲ್ಲೇ ನೋಡಲು ಹೈಡ್ರೋಜನ್ ಸಲ್ಫೈಡ್ ಬಾಟಲಿ ಸಿಗುತ್ತದೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದವರು 1982ರಲ್ಲಿ ಬೆಳಕಿಗೆ ತಂದ ಸರಳ ಉಪಾಯ ಅದು. ನೀರು ಹಾಕಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರು ಕುಡಿಯಲು ಬೇಡ.

ಫ್ಲೋರೈಡಿಗೆ ನೀರು ಹಿಡಿಯುವಾಗ ಪ್ಲಾಸ್ಟಿಕ್ ಬಾಟಲಿ ಇರಲಿ, ಗಾಜಿನದು ಬೇಡ. ಸೂಕ್ಷ್ಮಜೀವಿ ಪರೀಕ್ಷೆಗಾದರೆ ಪ್ರಯೋಗಾಲಯದವರೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು. ಬಾಯಿಗೆ ಬೆರಳು ತಾಗಿಸದೆ ತುಂಬಿ, ತಂಪಾಗಿಟ್ಟು ಅದೇ ದಿನ ಮುಟ್ಟಿಸಿ. ಬೋರನ್ನು ಎರಡು ಮೂರು ನಿಮಿಷ ಹರಿಯಬಿಟ್ಟು ಆಮೇಲೆ ಹಿಡಿಯಿರಿ. ಬಾಟಲಿಯ ಮೇಲೆ ಊರು, ಯಾವ ಬೋರು, ತಾರೀಖು, ಎಷ್ಟು ಹೊತ್ತಿಗೆ ಹಿಡಿದದ್ದು ಅಂತ ಬರೆದು ಅಂಟಿಸಿ. ಬೇಸಿಗೆಯಲ್ಲಿ ಒಮ್ಮೆ ಕೊಟ್ಟ ಬೋರಿನ ನೀರನ್ನೇ ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಕೊಡಿ, ಎರಡೂ ಚೀಟಿಗಳನ್ನು ರೇಷನ್ ಕಾರ್ಡಿನ ಜೊತೆ ಎತ್ತಿಡಿ.